ಬರೆದದ್ದು ಇರಲಿ, ನೀವೇ ಹೇಳಿ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ವೈದ್ಯರೇ, ಇಂದು ಸ್ವಯಂ ನಿವೃತ್ತಿ ಪಡೆಯುತ್ತಿರುವ ಮೇಡಂ ಅವರೇ, ನನ್ನ ಬಲದೋಳನ್ನು ನನಗಿಂತ ಚೆನ್ನಾಗಿ ಬಲ್ಲ ವಿದ್ಯಾರ್ಥಿಗಳೇ, ಮತ್ತು ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ಹನ್ನೆರಡು ವರ್ಷ ಮಲಗಿದ್ದವನಿಗೆ ಐದು ನಿಮಿಷ ನಿಂತುಕೊಳ್ಳುವ ಅವಕಾಶ! ನಗಬಹುದು, ಅಡ್ಡಿಯಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ನಾನು ಈ ಆಸ್ಪತ್ರೆಯ ಅಭ್ಯಾಸದ ರೋಗಿ. ಸ್ಕ್ಯಾನಿನಲ್ಲಿ ಒಳಗಿನ ಅಂಗಗಳು ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಒಂದು ಔಷಧ ಕೊಡುತ್ತಾರೆ. ಅದಕ್ಕೆ ಕಾಂಟ್ರಾಸ್ಟ್ ಎಂದು ಹೆಸರು. ಅದನ್ನು ಜೋಪಾನವಾಗಿ ಕೊಡುವುದನ್ನು ಈ ಮಕ್ಕಳು ಕಲಿಯುವುದು ನನ್ನನ್ನು ಮಲಗಿಸಿಕೊಂಡು. ಪ್ರತಿ ಗುರುವಾರ ನನ್ನ ತೋಳಿನ ಪಕ್ಕದಲ್ಲಿ ಒಂದು ರಬ್ಬರ್ ತೋಳು ಇಡುತ್ತಾರೆ. ಸೂಜಿ ಅದಕ್ಕೆ, "ಅಮ್ಮಾ" ಎನ್ನುವ ಕೆಲಸ ನನಗೆ. ಒಬ್ಬಳು ರಬ್ಬರಿಗೆ ಚುಚ್ಚಿ, ಆ ರಬ್ಬರನ್ನೇ ಸವರುತ್ತಾ, "ಸಾರಿ ತಾತ, ನೋವಾಯ್ತಾ?" ಎಂದಿದ್ದಳು. ಎರಡನೇ ಸಾಲಿನಲ್ಲಿ ಮುಖ ಮುಚ್ಚಿಕೊಂಡಿರುವವಳು ಅವಳೇ.

ಆ ಮೇಜಿನ ಮೇಲೆ ಮಲಗಿ ನೋಡಿ. ಚಾವಣಿಯಲ್ಲಿ ಇಪ್ಪತ್ತನಾಲ್ಕು ಬಿಳಿ ಹಲಗೆಗಳಿವೆ. ಒಂದರ ಮೇಲೆ ನೀರಿನ ಕಲೆ, ದೋಣಿಯ ಹಾಗೆ. ಯಂತ್ರ ತನ್ನಷ್ಟಕ್ಕೆ ಗುಂಯ್‌ಗುಡುತ್ತಿರುತ್ತದೆ. ಮಾತುಗಳು ನೀರಿನಡಿಯಿಂದ ಬಂದಂತೆ ಬರುತ್ತವೆ. ಅರೆನಿದ್ದೆಯಲ್ಲಿ ದೋಣಿ ಮೆಲ್ಲಗೆ ಸಾಗುತ್ತದೆ. ಅದರಲ್ಲಿ ಯಾರೋ ಕುಳಿತು ಗುಂಡಿ ಹೊಲಿಯುತ್ತಿರುತ್ತಾರೆ. ಅದು ಯಾರೆಂದು ಆಮೇಲೆ ಹೇಳುತ್ತೇನೆ.

ವಿದ್ಯಾರ್ಥಿ ನಾನು ತುಂಬಿದ ಫಾರಂ ಓದುತ್ತಾನೆ. ಏಳು ಪ್ರಶ್ನೆ, ಏಳಕ್ಕೂ ‘ಇಲ್ಲ’. ಅವನು ಸೂಜಿಗೆ ಕೈ ಹಾಕುವಷ್ಟರಲ್ಲಿ ಬಾಗಿಲಿನಿಂದ ಮೇಡಂ ದನಿ: "ಬರೆದದ್ದು ಇರಲಿ. ಅವರನ್ನೇ ಕೇಳು."

ಅವನು ಕೇಳುತ್ತಾನೆ: "ಹಿಂದೆ ಈ ಇಂಜೆಕ್ಷನ್ ತಗೊಂಡಾಗ ಏನಾದ್ರೂ ತೊಂದ್ರೆ ಆಗಿತ್ತಾ?"

"ತೊಂದ್ರೆ ಅಂದ್ರೆ ಅವರಿಗೇನಪ್ಪಾ ಗೊತ್ತಾಗುತ್ತೆ? ತುರಿಕೆ ಬಂತಾ? ಉಸಿರು ಕಟ್ಟಿತಾ? ಮನೇಲಿ ಯಾರಾದ್ರೂ ‘ಕೆರ್ಕೋಬೇಡ’ ಅಂತ ಬೈದ್ರಾ? ಹಾಗೆ ಕೇಳು. ಔಷಧ ಹೋಗೋವಾಗ ಅವರನ್ನ ಮಾತಾಡಿಸ್ತಾ ಇರು. ಮಾತು ನಿಂತ್ರೆ ನಿನ್ನ ಕೈನೂ ನಿಲ್ಲಬೇಕು."

ಅಧ್ಯಕ್ಷರೇ, ಇನ್ನು ಮುಂದೆ ರೋಗಿಗಳು ಮನೆಯಲ್ಲೇ ಮೊಬೈಲಿನಲ್ಲಿ ಫಾರಂ ತುಂಬಿ ಬಂದರೆ ಸಾಕು, ಮತ್ತೆ ಬಾಯಲ್ಲಿ ಕೇಳಬೇಕಾಗಿಲ್ಲ, ಸಮಯ ಉಳಿಯುತ್ತದೆ ಎಂದು ತಾವು ಈಗಷ್ಟೇ ಹೇಳಿದಿರಿ. ಚಪ್ಪಾಳೆಯೂ ಬಿತ್ತು. ಉಳಿಯುವುದು ಯಾರ ಸಮಯ? ಮೊಬೈಲಿನಲ್ಲಿ ಒತ್ತಿದ ಬೆರಳು ರೋಗಿಯದೇ ಎಂದು ಹೇಳುವವರು ಯಾರು? ಪಕ್ಕದಲ್ಲಿ ಕುಳಿತ ತಮ್ಮನದಾಗಿದ್ದರೆ?

ದಯವಿಟ್ಟು ಗಡಿಯಾರ ತೋರಿಸಬೇಡಿ. ಕೋಪವಲ್ಲ ಇದು. ಅಥವಾ ಕೋಪವೇ ಇರಬಹುದು. ನಾನು ಅಚ್ಚಿನ ಮನೆಯಲ್ಲಿ ಮೂವತ್ತೈದು ವರ್ಷ ಕರಡು ತಿದ್ದಿದವನು. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು.

ನನಗೊಬ್ಬ ಅಕ್ಕ ಇದ್ದಳು. ದರ್ಜಿ ಅಂಗಡಿಯಲ್ಲಿ ಗುಂಡಿ ಹೊಲಿಯುತ್ತಿದ್ದಳು. ಇಪ್ಪತ್ತೊಂದು ವರ್ಷದ ಹಿಂದೆ, ಇದೇ ಔಷಧ ಕೊಟ್ಟು ತೆಗೆಯುವ ಮೂತ್ರಪಿಂಡದ ಎಕ್ಸ್-ರೇಗಾಗಿ ಅವಳನ್ನು ಇಲ್ಲಿಗೇ ಕರೆತಂದಿದ್ದೆ. ಅಕ್ಕ ಬಟ್ಟೆ ಬದಲಿಸಲು ಒಳಗೆ ಹೋದಳು. ಫಾರಂ ನನ್ನ ಕೈಗೆ ಬಂತು. ನಾನೊಂದು ದಪ್ಪ ಪುಸ್ತಕ ಓದುತ್ತಿದ್ದೆ, ಅಧ್ಯಾಯ ಮುಗಿಯಲು ಎರಡೇ ಪುಟ. ಬೆರಳನ್ನು ಪುಟಗಳ ನಡುವೆ ಸಿಕ್ಕಿಸಿಕೊಂಡೇ, ಇನ್ನೊಂದು ಕೈಯಲ್ಲಿ ಏಳು ಸಲ ‘ಇಲ್ಲ’ ಎಂದು ಬರೆದೆ. ಪ್ರಶ್ನೆಗಳನ್ನು ಓದಲಿಲ್ಲ. ಕರಡು ತಿದ್ದುವವನು, ಸ್ವಾಮಿ, ಓದಲಿಲ್ಲ!

ಅದಕ್ಕೂ ನಾಲ್ಕು ವರ್ಷ ಮೊದಲು, ಬೇರೊಂದು ಕಡೆ ಇದೇ ಔಷಧ ಕೊಟ್ಟಾಗ ಅಕ್ಕನ ಮೈಯೆಲ್ಲ ದದ್ದು ಎದ್ದಿತ್ತು, ಉಸಿರಾಡಲು ಒದ್ದಾಡಿದ್ದಳು. "ಕೆರ್ಕೋಬೇಡ್ವೇ, ಗಾಯ ಆಗುತ್ತೆ" ಎಂದು ಬೈದದ್ದು ನಾನೇ.

ಆಗ ಔಷಧವನ್ನು ಸಿರಿಂಜಿನಿಂದ ಕೈಯಲ್ಲೇ ಕೊಡುತ್ತಿದ್ದರು. ಹೊಸದಾಗಿ ಸೇರಿದ್ದ ಹುಡುಗಿಯೊಬ್ಬಳು ಫಾರಂ ನೋಡಿ, ನಂಬಿ, ವೈದ್ಯರು ಹೇಳಿದಂತೆ ಶುರು ಮಾಡಿದಳು. ಅಕ್ಕನನ್ನು ಮಾತಿಗೆಳೆದಳು. ಅಕ್ಕ ಗುಂಡಿ ಹೊಲಿಯುವುದು ಹೇಗೆಂದು ಹೇಳಿಕೊಡುತ್ತಿದ್ದಳಂತೆ: "ದಾರ ನಾಲ್ಕು ಸಲ ಹಾಯಿಸಬೇಕು ಕಣಮ್ಮಾ, ಆಮೇಲೆ ಬುಡಕ್ಕೆ ಸುತ್ತಬೇಕು, ಒಂದು, ಎರಡು, ಮೂರು…" ನಾಲ್ಕು ಬರಲಿಲ್ಲ. ಆ ಹುಡುಗಿಯ ಬೆರಳು ಅಲ್ಲೇ ನಿಂತಿತು. ಸಿರಿಂಜು ಇನ್ನೂ ಮುಕ್ಕಾಲು ತುಂಬಿತ್ತು. ಕೂಗಿದಳು, ವೈದ್ಯರು ಓಡಿ ಬಂದರು, ತಕ್ಷಣ ಬೇಕಾದ ಔಷಧದ ತಟ್ಟೆ ಕೈಗೆ ಸಿಗುವಲ್ಲೇ ಇತ್ತು. ಅಕ್ಕ ಉಳಿದಳು. ಒಂಬತ್ತು ವರ್ಷ ಬದುಕಿದಳು. "ಆ ಹುಡುಗಿ ನನ್ನ ಕೈ ಬಿಡಲೇ ಇಲ್ಲ ನೋಡೋ" ಎಂದು ಸಾಯುವವರೆಗೂ ಹೇಳುತ್ತಿದ್ದಳು.

ನಾನೇನು ಮಾಡಿದೆ? ನಾಲ್ಕು ಪುಟದ ದೂರು ಬರೆದೆ. ಒಂದು ಅಕ್ಷರ ತಪ್ಪಿರಲಿಲ್ಲ. ರೋಗಿಯನ್ನು ಒಂದು ಮಾತೂ ಕೇಳದೆ ಚುಚ್ಚಿದರು ಎಂದು ಬರೆದೆ. ಅದು ನಿಜ. ವಿಚಾರಣೆಯಲ್ಲಿ ಫಾರಂ ಹಿಡಿದು, "ಇದನ್ನ ಬರೆದಿದ್ದು ಯಾರು?" ಎಂದರು. "ಅಕ್ಕನೇ. ಪ್ರಶ್ನೆ ಅವಳಿಗೆ ಅರ್ಥ ಆಗಿಲ್ಲ" ಎಂದೆ. ಅದು ಸುಳ್ಳು. ಆ ಹುಡುಗಿಯ ಬಡ್ತಿ ನಿಂತಿತು. ರೋಗಿಗಳ ಬಳಿಯಿಂದ ಎತ್ತಿ, ಕಾರಿಡಾರಿನ ಕೊನೆಯ ಕೋಣೆಗೆ, ಮಕ್ಕಳಿಗೆ ಪಾಠ ಹೇಳಲು ಹಾಕಿದರು. ಆ ಕೋಣೆ ಯಾವುದೆಂದು ನಿಮಗೆ ಗೊತ್ತು. ಆ ಹುಡುಗಿ ಈಗ ನನ್ನ ಎಡಕ್ಕೆ, ಎರಡನೇ ಕುರ್ಚಿಯಲ್ಲಿ ಕುಳಿತಿದ್ದಾರೆ.

ಅಕ್ಕ ಹೋದ ಮೇಲೆ ಅಭ್ಯಾಸದ ರೋಗಿ ಬೇಕೆಂಬ ಚೀಟಿ ನೋಡಿ ಬಂದೆ. ಸೇವೆಗೆ ಬಂದೆನೆಂದು ಸ್ವಾಗತ ಭಾಷಣದಲ್ಲಿ ಹೇಳಿದರು. ಇಲ್ಲ, ಇವರಲ್ಲಿ ಇನ್ನೊಂದು ತಪ್ಪು ಹುಡುಕಲು ಬಂದೆ. ಸಿಕ್ಕಿದ್ದರೆ ನನ್ನದು ಹಗುರವಾಗುತ್ತಿತ್ತು. ಮೊದಲ ದಿನ ಫಾರಂ ತುಂಬಿಸಿದರು. ನನ್ನ ಬರಹದಲ್ಲಿ ‘ಇಲ್ಲ’ದ ಬಾಲ ಕೆಳಗಿನ ಸಾಲಿಗೆ ಇಳಿಯುತ್ತದೆ. ಅಕ್ಕನ ಫಾರಂನಲ್ಲೂ ಹಾಗೇ ಇಳಿದಿತ್ತು. ಮೇಡಂ ಅದನ್ನು ತುಂಬಾ ಹೊತ್ತು ನೋಡಿದರು. ಆಮೇಲೆ ಕಾಗದ ಮಗುಚಿಟ್ಟು, "ಬರೆದದ್ದು ಇರಲಿ. ನೀವೇ ಹೇಳಿ" ಎಂದರು.

‘ಕೆರ್ಕೋಬೇಡ’ ಅಂತ ಯಾರಾದರೂ ಬೈದರಾ ಎಂಬ ಪ್ರಶ್ನೆ ಯಾವ ಪುಸ್ತಕದಲ್ಲೂ ಇಲ್ಲ, ಮಕ್ಕಳೇ. ನಾನು ಹುಡುಕಿದ್ದೇನೆ. ಅದನ್ನು ಇವರಿಗೆ ಹೇಳಬಲ್ಲವಳು ಒಬ್ಬಳೇ, ನನ್ನ ಅಕ್ಕ. ಅಂದರೆ ಇವರಿಗೆ ಎಲ್ಲ ಗೊತ್ತಿತ್ತು. ಹನ್ನೆರಡು ವರ್ಷ, ಪ್ರತಿ ಗುರುವಾರ, ಕೇಳುತ್ತಲೇ ಇದ್ದರು. ನಾನು ದೋಣಿ ನೋಡುತ್ತಾ, "ಏನೂ ಇಲ್ಲ" ಎನ್ನುತ್ತಲೇ ಇದ್ದೆ.

ನನ್ನ ಕೈಗೆ ಕೊಟ್ಟ ಈ ಫಲಕದ ಮೇಲೆ ‘ಮಾದರಿ ರೋಗಿ’ ಎಂದಿದೆ. ಬರೆದದ್ದು ಇರಲಿ.

ಅಧ್ಯಕ್ಷರೇ, ಈ ಲಕೋಟೆ ತಮಗೆ. ಒಳಗಿರುವುದು ನನ್ನ ತಪ್ಪೊಪ್ಪಿಗೆ, ಅರ್ಧ ಪುಟ. ಆ ನಾಲ್ಕು ಪುಟ ಇವರ ಕಡತದಲ್ಲಿ ಇರುವಷ್ಟು ದಿನ ಇದೂ ಅದರ ಮೇಲೆಯೇ ಇರಬೇಕು. ಆ ಮೊಬೈಲ್ ಫಾರಂ ಬಗ್ಗೆ ನಿರ್ಧರಿಸುವ ಮುನ್ನ ಒಮ್ಮೆ ಓದಿ, ಸಾಕು.

ಮೇಡಂ, ತಾವು ಕೇಳಿದ್ದಕ್ಕೆ ಉತ್ತರ ತಡವಾಯಿತು. ಹೌದು, ತುರಿಕೆ ಬಂದಿತ್ತು. ಹೌದು, ಉಸಿರು ಕಟ್ಟಿತ್ತು. ಬೈದವನೂ ನಾನೇ, ಬರೆದವನೂ ನಾನೇ.

ನನ್ನನ್ನು ನಿಲ್ಲಿಸಿ ಕೇಳಿಸಿಕೊಂಡ ಎಲ್ಲರಿಗೂ, ನನ್ನ ಬದಲು ಚುಚ್ಚಿಸಿಕೊಂಡ ಆ ರಬ್ಬರ್ ತೋಳಿಗೂ ಕೃತಜ್ಞ. ಮುಂದಿನ ಗುರುವಾರ ಕರೆದರೆ ಬಂದು ಮಲಗುತ್ತೇನೆ. ನಮಸ್ಕಾರ.