ಹಾಲುಕ್ಕಿಸಿದ ಮನೆ

ಮ್ಯೂನಿಕ್ಕಿನ ಎಸ್-ಬಾನ್ ರೈಲಿನಲ್ಲಿ, ಬೆಳಿಗ್ಗೆ, ಕನ್ನಡ ಕಲಿತಿದ್ದ ಹಿಲ್ಡಾಳ ಎದುರು ಸೀಟಿನ ಗಂಡಹೆಂಡತಿ ಕನ್ನಡದಲ್ಲಿ ಮಾತಿಗಿಳಿದರು.

“ಹೀಟರಿನ ಗ್ಯಾಸ್ ಬಾಯ್ಲರ್ ಫೇಲ್ ಆಗೈತಿ, ವಿಷದ ಗಾಳಿ ಸೋರತೈತಿ ಅಂತ ಚೆಕ್ ಮಾಡಾಂವ ಹೇಳಿದ್ನಲ್ಲ. ಮನಿ ಕೊಳ್ಳಾಕ ಬಂದ ಸಂಜನಾಗ ಯಾಕ ಕೀಲಿ ಕೊಟ್ರಿ?”

“ನಿನ್ನೆ ಮುಹೂರ್ತ ಚಲೋ ಇತ್ತಂತ. ಹಾಲಷ್ಟ ಉಕ್ಕಿಸ್ತೇವಿ ಅಂದ್ಲು.”

“ಹಾಲು ಉಕ್ಕಿಸಿದವರು ರಾತ್ರಿ ಅಲ್ಲೇ ಮಲಗಬೇಕಲ್ರೀ! ಈ ಥಂಡ್ಯಾಗ ಹೀಟರ್ ಹಚ್ಚದ ಇರ್ತಾರೇನು? ಕೂಸು ಬ್ಯಾರೆ.”

“ನಮ್ಮ ವೀಸಾ ಮುಗಿಯೂದ್ರೊಳಗ ಮನಿ ಮಾರಬೇಕಲ್ಲ. ಬಾಯ್ಲರ್ ಸುದ್ದಿ ಹೇಳಿದ್ರ ಬ್ಯಾಡಂತಿದ್ರು.”

“ದೊಡ್ಡ ಶಾಣ್ಯಾ! ಫೋನ್ ಹಚ್ರಿ.”

ಅವನು ಮೊಬೈಲನ್ನು ಕಿವಿಗಿಟ್ಟುಕೊಂಡ. ಎರಡು ಸ್ಟೇಷನ್ ದಾಟಿದವು.

“ಎತ್ತವಲ್ರು. ಮಲಗಿರಬೇಕು.”

“ಕೂಸಿದ್ದ ಮನ್ಯಾಗ, ಇಷ್ಟೊತ್ತನಕಾ? ಫೈರ್ ಬ್ರಿಗೇಡಿಗೆ ಹಚ್ರಿ.”

“ಅವರು ಬಂದ್ರ ಎಲ್ಲಾ ಹೊರಗ ಬೀಳತೈತಿ,” ಎನ್ನುತ್ತ ಅವನು ಇಳಿದ. ಹೆಂಡತಿ ಅವನ ತೋಳು ಜಗ್ಗುತ್ತ ಹಿಂದೆ ಇಳಿದಳು.

ಬಾಗಿಲು ಮುಚ್ಚಿತು. ಹಿಲ್ಡಾ ಮೊಬೈಲ್ ತೆಗೆದಳು. ಆ ಮನೆ ಎಲ್ಲಿದೆಯೆಂದು ಅವಳಿಗೆ ಗೊತ್ತಿರಲಿಲ್ಲ.