ಸಾಹುಕಾರನ ಎರಡು ಪೊಟ್ಟಣ

ನಿಮ್ಮೂರಿನಂಥದೇ ಒಂದೂರು, ಅಲ್ಲೊಬ್ಬ ಸಾಹುಕಾರ. ಕೆಟ್ಟವನಲ್ಲ ನೋಡಿ, ಊರಿನ ಆಸ್ಪತ್ರೆಗೆ ಸ್ಕ್ಯಾನಿಂಗ್ ಮಷಿನ್ ಕೊಡಿಸಿದವನೇ ಅವನು. ಆದರೆ ಕೊಟ್ಟ ಮೇಲೆ ಮಷಿನ್ನೂ ತನ್ನದು, ಅದರ ಪಕ್ಕ ನಿಂತವರ ಮನಸ್ಸೂ ತನ್ನದು ಅಂದುಕೊಂಡುಬಿಟ್ಟ. ನಾವೂ ಹಾಗೇ ಅಲ್ಲವೇ?

ಸೊಸೆ ಬಸುರಿಯಾದಳು, ಸ್ಕ್ಯಾನಿಂಗ್ ಆಯಿತು. ಸಾಹುಕಾರ ಎರಡು ಪೊಟ್ಟಣ ಹಿಡಿದು, ಸ್ಕ್ಯಾನಿಂಗ್ ಹೊತ್ತಿಗೆ ಒಳಗಿದ್ದ ನರ್ಸಕ್ಕನ ಬಳಿ ಬಂದ. ಒಂದರಲ್ಲಿ ಪೇಢೆ, ಒಂದರಲ್ಲಿ ಜಿಲೇಬಿ. ನಮ್ಮ ಕಡೆ ಗಂಡು ಹುಟ್ಟಿದರೆ ಪೇಢೆ, ಹೆಣ್ಣು ಹುಟ್ಟಿದರೆ ಜಿಲೇಬಿ ಹಂಚುವುದು ನಿಮಗೆ ಗೊತ್ತೇ ಇದೆ.

"ಬಾಯಿ ಬಿಟ್ಟು ಏನೂ ಹೇಳಬ್ಯಾಡವ್ವ. ಒಂದು ಪೊಟ್ಟಣ ನನ್ನ ಕೈಯಾಗಿಡು, ಸಾಕು" ಎಂದ. ಹೆಣ್ಣಾದರೆ ಗರ್ಭ ತೆಗೆಸಬೇಕೆಂದು ಆಗಲೇ ನಿಶ್ಚಯಿಸಿದ್ದ. ಅದು ಆಕೆಗೂ ಗೊತ್ತಿತ್ತು.

"ಕಾನೂನು ಬ್ಯಾಡ ಅಂತೈತ್ರಿ ಸಾಹುಕಾರ್ರ. ಕಾನೂನು ಇರದಿದ್ರೂ ನನ್ನ ಮನಸ್ಸು ಒಪ್ಪಂಗಿಲ್ಲ" ಎಂದಳು ಆಕೆ, ಎಲ್ಲರಿಗೂ ಕೇಳುವ ಹಾಗೆ. "ಇವತ್ತ ನಿಮ್ಮ ಮುಲಾಜಿಗೆ ಬಗ್ಗಿದ ಕೈ, ನಾಳೆ ಇನ್ನೊಬ್ಬರ ಮುಲಾಜಿಗೂ ಬಗ್ಗತೈತಿ. ಅಂಥಾ ಕೈಯಾಗ ನಿಮ್ಮ ಸೊಸೀನ್ನ ಬಿಡ್ತೀರೇನು?"

ಸಾಹುಕಾರನಿಗೆ ಸಿಟ್ಟು ನೆತ್ತಿಗೇರಿತು. "ಈಕೀನ್ನ ಕೆಲಸದಿಂದ ತಗೀರಿ!" ಅಂತ ಡಾಕ್ಟರ ಮುಂದೆ ಕೂಗಾಡಿದ.

ಡಾಕ್ಟರು ನಕ್ಕರು. "ಒಲ್ಲೆ ಅನ್ನೂದು ಆಕಿ ಹಕ್ಕು ರೀ. ಖರೇ ಮಾತಾಡಿದ್ದಕ್ಕ ಆಕೀನ್ನ ಕಳಿಸಿದ್ರ, ನಾಳೆ ನಾನು ತಪ್ಪಿದಾಗ ನನಗ ಹೇಳೋರ್ಯಾರು? ಮಷಿನ್ ಬೇಕಾದ್ರ ಒಯ್ರಿ, ಆಕೀನ್ನ ಬಿಡಂಗಿಲ್ಲ."

ಅಷ್ಟರಲ್ಲಿ ಸೊಸೆ ಹೊರಗೆ ಬಂದಳು. ನರ್ಸಕ್ಕನ ಕೈ ಹಿಡಿದು ನಿಂತಳು, ಬಿಡಲೇ ಇಲ್ಲ. "ಮಾವಾರ, ನನ್ನ ಹೆರಿಗಿಗೆ ಈ ಅಕ್ಕಾರೇ ಇರಬೇಕು" ಅಂದಳು. ಆ ಹುಡುಗಿ ಯಾರನ್ನು ನಂಬಿದಳು, ಯಾರಿಗೆ ಹೆದರಿದಳು ಅನ್ನುವುದು ಆಗ ಸಾಹುಕಾರನಿಗೆ ತಿಳಿಯಿತು. ಬೆಂಚಿನ ಮೇಲೆ ಕೂತು ಅತ್ತೇಬಿಟ್ಟ, ಪಾಪ.

ಒಂಬತ್ತು ತಿಂಗಳು ತುಂಬಿತು, ನರ್ಸಕ್ಕನ ಕೈಯಲ್ಲೇ ಕೂಸು ಹುಟ್ಟಿತು. ಸಾಹುಕಾರ ಪೇಢೆ, ಜಿಲೇಬಿ ಎರಡನ್ನೂ ಒಂದೇ ತಟ್ಟೆಗೆ ಹಾಕಿ ಊರಿಗೆಲ್ಲ ಹಂಚಿದ.

ಏನಂದಿರಿ, ಮುಂದೆ ಕೂತ ಅಜ್ಜಿ? ಕೂಸು ಗಂಡೋ ಹೆಣ್ಣೋ? ನೋಡಿ, ಇಷ್ಟು ಹೇಳಿದ ಮೇಲೂ ಅದೇ ಬಂತು ನಿಮ್ಮ ಬಾಯಿಗೆ! ನಾನೂ ಹೇಳುವುದಿಲ್ಲ, ಹೋಗಿ.

ತಾಯಂದಿರೇ, ಕಾನೂನು ಒಲ್ಲೆ ಅಂದ ನರ್ಸಕ್ಕನ ಕೆಲಸ ಉಳಿಸಬಹುದು. ಸಂತೆಯಲ್ಲಿ ನೀವು ಆಕೆಯನ್ನು ಕಂಡು ಮುಖ ತಿರುಗಿಸಿದರೆ, ಅದಕ್ಕೆ ಯಾವ ಕಾನೂನಿದೆ? 'ನನ್ನ ಮನಸ್ಸು ಒಪ್ಪಂಗಿಲ್ಲ' ಅಂತ ಆಸ್ಪತ್ರೆಯಲ್ಲಿ ಯಾರಾದರೂ ಅಂದರೆ ರೇಗಬೇಡಿ, ಕೈ ಮುಗಿಯಿರಿ. ಸ್ಕ್ಯಾನಿಂಗ್ ಮುಗಿಸಿ ಬಂದ ಸೊಸೆಯನ್ನು 'ಊಟ ಮಾಡಿದೆಯಾ ಮಗಳೇ' ಅಂತ ಕೇಳಿ. ಅದೊಂದನ್ನೇ ಕೇಳಿ.