ರೋಗಿ ಒಂದು

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ನನ್ನ ಪಕ್ಕ ತಾಯಿ, ಮಗಳು ಕೂತಿದ್ದರು. ಮಗಳು ನರ್ಸಿಂಗ್ ಕಾಲೇಜಿನ ಪ್ರೊಫೆಸರು, ಹಿಂದಿನ ದಿನವಷ್ಟೇ ರಿಟೈರಾಗಿದ್ದರು. ಬೀಳ್ಕೊಡುಗೆಯಲ್ಲಿ ಹೊದಿಸಿದ್ದ ಶಾಲು ತಾಯಿಯ ಮಡಿಲಲ್ಲಿತ್ತು.

“ನಿನ್ನೆ ಪರದೆ ಮೇಲೆ ತೋರಿಸಿದ್ರಲ್ಲ, ಆ ಹುಣ್ಣಿನ ಕೈ ನಂದೇ ಅಲ್ವೇನೇ?” ತಾಯಿ ಕೇಳಿದರು.

“ನಿಂದೇ. ಬಿಸಿನೀರಲ್ಲಿ ಕೈಯಿಟ್ಟು ಗೂಡಿಂದ ರೇಷ್ಮೆ ತೆಗೀತಿದ್ದೆಯಲ್ಲ, ಆಗಿಂದು.”

“ಕೆಳಗೆ ಏನು ಬರೆದಿತ್ತು?”

“ರೋಗಿ ಒಂದು, ಹೆಂಗಸು, ಐವತ್ತು ವರ್ಷ ಅಂತ.”

“ಗಂಗುಲಮ್ಮ ಅಂತ ಬರೆಯಕ್ಕೆ ನಾಚಿಕೆ ಆಯ್ತಾ?”

“ರೋಗಿ ಹೆಸರು ಬರೆಯಂಗಿಲ್ಲಮ್ಮ, ಎಲ್ರಿಗೂ ಅದೇ ರೂಲ್ಸು.”

“ಗಾಯ ಮಾಯೋದ್ರ ಬಗ್ಗೆ ಮೂವತ್ತು ವರ್ಷ ಓದಕ್ಕೆ ಅಂಥಾದ್ದೇನೈತೆ?”

“ಚರ್ಮಕ್ಕೆ ರಕ್ತ ಸರಿಯಾಗಿ ಬಂದ್ರೆ ಮಾಯ್ತದೆ. ನಿನ್ನ ಕೈ ಯಾಕೆ ಮಾಯ್ತಿಲ್ಲ ಅಂತ ಆಗ ಯಾರನ್ನ ಕೇಳಿದ್ರೂ ಹೇಳ್ಲಿಲ್ಲ. ಅದಕ್ಕೇ ಓದ್ದೆ.”

ತಾಯಿ ಸೆರಗಿನೊಳಗಿಂದ ಕೈ ತೆಗೆದು ಮಗಳ ಮುಂದೆ ಹಿಡಿದರು. ಮಗಳು ಒಂದು ಉಗುರನ್ನು ಬೆಳ್ಳಗಾಗುವಂತೆ ಒತ್ತಿ ಬಿಟ್ಟು, ಅದನ್ನೇ ನೋಡುತ್ತಾ ಕೂತರು.

“ಕೆಂಪು ಬಂತಾ?”

“ಬಂತಮ್ಮ.”

“ಚಿಂತಾಮಣಿ ಬಸ್ಸೂ ಬಂತು. ಏಳು, ರೋಗಿ ಒಂದನ್ನ ಕೈಹಿಡಿದು ಹತ್ತಿಸು.”